ವನಜಾಕ್ಷಿ ಮಿಸ್ಸಿನ ನಲವತ್ತನಾಲ್ಕು ಸದ್ದು

“ಆವಮ್ಮಂಗೆ ಇಂಗ್ಲಿಷೇ ಬತ್ತಿರ್ಲಿಲ್ಲ ಬುಡಿ ಮೇಷ್ಟ್ರೇ. ಅದಕ್ಕೇ ಅಲ್ವಾ ಕೆಲಸ ಹೋಗಿದ್ದು?”

ಮೊನ್ನೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೀಗೆಂದವನು ಪಂಪ್‌ಸೆಟ್ ರಿಪೇರಿಯ ರುದ್ರೇಶ್. ಅವನು ಹೇಳಿದ್ದು ನಮ್ಮ ಶಾಲೆಯಲ್ಲಿದ್ದ ವನಜಾಕ್ಷಿಯ ವಿಷಯ. ನನಗೆ ಮೈಯೆಲ್ಲ ಉರಿದುಹೋಯಿತು. “ನಿಂಗೊತ್ತೇನ್ಲಾ ಇಂಗ್ಲಿಷು?” ಎಂದೆ. “ನಂಗೆಲ್ಲಿ ಗೊತ್ತು ಮೇಷ್ಟ್ರೇ, ಊರೆಲ್ಲ ಹಂಗಂತದೆ” ಎಂದು ಬನ್ನನ್ನು ಟೀಯಲ್ಲಿ ಅದ್ದಿ ತಿಂದ. ಊರೆಲ್ಲ ಹಾಗೆನ್ನುತ್ತದೆ, ಸುಳ್ಳಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಹೆಸರು ಏಕಾಂತಯ್ಯ. ದಂಡಿನಶಿವರದ ರಸ್ತೆಯಿಂದ ಒಂದಿಷ್ಟು ಒಳಗಿರುವ ಈ ಊರಿನ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕ. ಕನ್ನಡ ಪಾಠ ಮಾಡುವವನು. ನನ್ನ ಇಂಗ್ಲಿಷಿನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊಟ್ಟೆಗೆ ‘ಯೆಗ್ಗು’ ಅನ್ನುವವನು, ಶಾಲೆಗೆ ‘ಇಸ್ಕೂಲು’ ಅನ್ನುವವನು. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಮೂವತ್ತೈದು ಬಂದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದರು.

ನಾಲ್ಕು ವರ್ಷದ ಹಿಂದೆ ನಮ್ಮ ಶಾಲೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ ಕೊಟ್ಟರು. ಟೀಚರನ್ನು ಕೊಡಲಿಲ್ಲ. ಅತಿಥಿ ಶಿಕ್ಷಕಿ ಅಂತ ಒಬ್ಬರನ್ನು ಹುಡುಕಿಕೊಳ್ಳಿ ಎಂದರು. ಹಂದನಕೆರೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದಿದ್ದ ವನಜಾಕ್ಷಿ ಬಿ.ಎ., ಬಿ.ಎಡ್. ಮಾಡಿ ಮನೆಯಲ್ಲಿ ಕೂತಿದ್ದಳು. ಹೋಗಿ ಕೇಳಿದೆ. ಕೈಗೆ ಹತ್ತಿದ ರಾಗಿ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದವಳು, “ಸಾರ್, ಒಂದೇ ಒಂದು ಕೇಳ್ತೀನಿ. ಉಚ್ಚಾರಣೆ ನನ್ನಿಷ್ಟದಂಗೆ ಕಲಿಸಬೋದಾ?” ಎಂದಳು. ನಾನು, “ನಿನ್ನಿಷ್ಟ ಕಣಮ್ಮ, ನಂಗೇನು ಗೊತ್ತಾಗ್ತದೆ ಅದು” ಎಂದೆ.

ಅವಳು ಯಾಕೆ ಹಾಗೆ ಕೇಳಿದಳು ಎನ್ನುವುದು ಆಮೇಲೆ ತಿಳಿಯಿತು. ಅವಳಪ್ಪ ದೊಡ್ಡಣ್ಣ ಊರೂರ ಅಟ್ಟದ ಮೇಲೆ ಹತ್ತಿ ಕೊಬ್ಬರಿ ನೋಡುವ ಆಳು. ನಮ್ಮ ಕಡೆ ತೆಂಗಿನಕಾಯನ್ನು ಅಟ್ಟದ ಮೇಲೆ ವರ್ಷವಿಡೀ ಹಾಕಿಡುತ್ತೇವಲ್ಲ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳುವುದು ಅವನ ಕೆಲಸ. ಮಗಳೂ ಜೊತೆಯಲ್ಲೇ ಹತ್ತುತ್ತಿದ್ದಳು. ಸದ್ದಿಗೂ ಸದ್ದಿಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ಕಿವಿಗೆ ಗೊತ್ತಾಗುತ್ತಿತ್ತು. ಅಂಥವಳು ತುಮಕೂರಿನಲ್ಲಿ ಬಿ.ಎಡ್. ಓದುವಾಗ ಮೊದಲ ಪಾಠಕ್ಕೆ ನಿಂತು ‘ಎಸ್ಸೇ’ ಎನ್ನುವುದಕ್ಕೆ ‘ಯೆಸ್ಸೆ’ ಎಂದಳಂತೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತಂತೆ. ನಕ್ಕಿದ್ದಕ್ಕಲ್ಲ, ತಾನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಏನು ವ್ಯತ್ಯಾಸ ಎನ್ನುವುದು ತನ್ನ ಕಿವಿಗೆ ಕೇಳಿಸದೇ ಹೋಯಿತಲ್ಲ ಎಂದು ಅತ್ತಳಂತೆ. ಆಮೇಲೆ ರಟ್ಟು ಹರಿದ ಒಂದು ಉಚ್ಚಾರಣೆಯ ಪುಸ್ತಕ, ಒಂದು ಕೈಗನ್ನಡಿ, ಮೊಬೈಲಿನಲ್ಲಿ ಇಂಗ್ಲಿಷರ ಮಾತು. ಮದುವೆಯಾಗಿ ಹತ್ತು ವರ್ಷವಾದರೂ ಕನ್ನಡಿ ಮುಂದೆ ನಿಂತು ಬಾಯಿ ಸೊಟ್ಟ ಮಾಡುವುದನ್ನು ಅವಳು ಬಿಟ್ಟಿರಲಿಲ್ಲ. ಅತ್ತೆ ಮನೆಯವರು ಮೊದಮೊದಲು ಗಾಳಿ ಗೀಳಿ ಸೋಕಿರಬೇಕು ಎಂದುಕೊಂಡಿದ್ದರು.

ಅವಳ ತರಗತಿಯ ಬಾಗಿಲಲ್ಲಿ ನಿಂತು ನಾನು ಎಷ್ಟೋ ಸಲ ಕೇಳಿದ್ದೇನೆ. ಅಕ್ಷರ ಇಪ್ಪತ್ತಾರು, ಸದ್ದು ನಲವತ್ತನಾಲ್ಕು, ಎಂದು ಮೊದಲ ದಿನವೇ ಹೇಳಿದಳು. “ನಮ್ ಕನ್ನಡದಲ್ಲಿ ಬರೆದಂಗೇ ಓದ್ತೀವಿ ಮಕ್ಳೇ, ಎಲ್ಲ ಅಕ್ಷರಕ್ಕೂ ಸಮನಾಗಿ ಮರ್ಯಾದೆ. ಇಂಗ್ಲಿಷಲ್ಲಿ ಹಂಗಿಲ್ಲ. ಒಂದನ್ನ ಎತ್ತಿ ಹೇಳ್ತಾರೆ, ಮಿಕ್ಕಿದ್ದನ್ನ ನುಂಗ್ತಾರೆ.” ಇದನ್ನು ತೋರಿಸಲು ಮನೆಯಿಂದ ಚೆನ್ನಾಗಿ ಒಣಗಿದ ಒಂದು ಕೊಬ್ಬರಿ ಕಾಯಿ ತಂದಿದ್ದಳು. ಒಳಗಿನ ಉಂಡೆ ಚಿಪ್ಪಿಗೆ ಬಡಿದು ಗಡಗಡ ಎನ್ನುತ್ತಿತ್ತು. ‘ಬನಾನಾ’ ಎನ್ನುವಾಗ ನಡುವಿನ ‘ನಾ’ಗೆ ಜೋರಾಗಿ ಒಮ್ಮೆ ಅಲ್ಲಾಡಿಸುವುದು, ಹಿಂದೆ ಮುಂದೆ ಇರುವುದಕ್ಕೆ ಸುಮ್ಮನೆ ಹಿಡಿಯುವುದು. ಮಕ್ಕಳು ಸರದಿಯಲ್ಲಿ ಕಾಯಿ ಅಲ್ಲಾಡಿಸುತ್ತಿದ್ದವು. ತಪ್ಪಾದ ಕಡೆ ಅಲ್ಲಾಡಿಸಿದರೆ ಉಳಿದವು ನಗುತ್ತಿದ್ದವು.

ಇನ್ನೊಂದು ದಿನ ತೆಂಗಿನ ಮಟ್ಟೆಯಿಂದ ನಾರಿನ ಒಂದೊಂದು ಎಳೆ ಕಿತ್ತು ಎಲ್ಲರ ಕೈಗೂ ಕೊಟ್ಟಿದ್ದಳು. ತುಟಿಯ ಮುಂದೆ ಹಿಡಿದು ‘ಪೆನ್’ ಅಂದರೆ ಎಳೆ ಹಾರಬೇಕು, ‘ಬೆನ್’ ಅಂದರೆ ಹಾರಬಾರದು. ಗಂಟಲ ಮೇಲೆ ಕೈಯಿಟ್ಟು ‘ಸ್ಸ್’ ಅಂದರೆ ಕೈಗೆ ಏನೂ ಗೊತ್ತಾಗುವುದಿಲ್ಲ; ಅದನ್ನೇ ಜೇನುಹುಳದಂತೆ ಗುಂಯ್ಗುಟ್ಟಿಸಿದರೆ ‘ಝೂ’ ಎನ್ನುವ ಮಾತಿನ ಮೊದಲ ಸದ್ದು, ಅದು ನಮ್ಮ ಜಕಾರ ಅಲ್ಲ. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ‘ವ್ಯಾನ್’, ತುಟಿ ದುಂಡಗಾದರೆ ‘ವಾಟರ್’. ‘ದಿಸ್’, ‘ಮದರ್’ ಎನ್ನುವಾಗ ನಾಲಿಗೆಯ ತುದಿ ಎರಡು ಸಾಲು ಹಲ್ಲಿನ ನಡುವೆ ಹೊರಗೆ ಇಣುಕಬೇಕು. ನಾನೂ ಆಫೀಸ್ ರೂಮಿಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ನಾಲಿಗೆ ಹೊರಗೆ ಹಾಕಿ ನೋಡಿದೆ. ಐವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಆ ಸದ್ದು ನನ್ನ ಬಾಯಲ್ಲಿ ಬಂತು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಇಪ್ಪತ್ಮೂರು ಮಕ್ಕಳಿದ್ದವು ಆ ವಿಭಾಗದಲ್ಲಿ. ಅವುಗಳಲ್ಲಿ ಎಲ್ಲಕ್ಕಿಂತ ಚೂಟಿ ಆಶಾ, ನಾಲ್ಕನೇ ತರಗತಿಯ ಹುಡುಗಿ. ಶಾಲಾ ಸಮಿತಿಯ ಅಧ್ಯಕ್ಷ ಅಣ್ಣಯ್ಯನ ಮಗಳು. ಅಣ್ಣಯ್ಯ ದೊಡ್ಡ ತೋಟದವನು, ಊರಿನಲ್ಲಿ ಅವನು ಹೆಜ್ಜೆಯಿಟ್ಟ ಕಡೆ ನಾಲ್ಕು ಜನ ಹೆಜ್ಜೆಯಿಡುತ್ತಾರೆ. ಅವನು ಮಗಳನ್ನು ನಮ್ಮ ಶಾಲೆಗೆ ಹಾಕಿದ್ದಕ್ಕೇ ಅರ್ಧ ಊರು ಹಾಕಿದ್ದು. ಅವನು ಬಿಡಿಸಿದರೆ ಉಳಿದವರೂ ಬಿಡಿಸುತ್ತಾರೆ, ಮಕ್ಕಳು ಕಮ್ಮಿಯಾದರೆ ಇಂಗ್ಲಿಷ್ ವಿಭಾಗ ಮುಚ್ಚುತ್ತದೆ, ವಿಭಾಗ ಮುಚ್ಚಿದರೆ ವನಜಾಕ್ಷಿಯ ಕೆಲಸವೂ ಹೋಗುತ್ತದೆ. ಇದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಹೋದ ಡಿಸೆಂಬರಿನಲ್ಲಿ ಅಣ್ಣಯ್ಯನ ಹೊಸ ಮನೆಯ ಗೃಹಪ್ರವೇಶ. ಊಟ ಮುಗಿಸಿ ನೆಂಟರೆಲ್ಲ ಶಾಮಿಯಾನದಡಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಮ್ಮಲ್ಲಿ ನೆಂಟರು ಸೇರಿದರೆ ಮುಂಚೆ ಮಕ್ಕಳ ಕೈಲಿ ಮಗ್ಗಿ ಹೇಳಿಸುತ್ತಿದ್ದರು. ಈಗ ‘ಇಂಗ್ಲಿಷ್ ಹೇಳು’ ಎಂದು ನಿಲ್ಲಿಸುತ್ತಾರೆ. ಅಣ್ಣಯ್ಯನ ತಂಗಿಯ ಮಗ ಸುದೀಪ ಪಟ್ಟಣದ ಒಂದು ಕಾನ್ವೆಂಟಿನವನು. ಕೈಕಟ್ಟಿ ನಿಂತು ಗಂಟಲು ಹರಿಯುವ ಹಾಗೆ, ಒಂದೊಂದು ಅಕ್ಷರಕ್ಕೂ ಗುದ್ದು ಕೊಟ್ಟುಕೊಂಡು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಚಪ್ಪಾಳೆ ಬಿತ್ತು. ಆಮೇಲೆ ಆಶಾ ನಿಂತಳು. ವನಜಾಕ್ಷಿ ಕಲಿಸಿದಂತೆಯೇ, ಅವಸರವಿಲ್ಲದೆ, ಎತ್ತುವುದನ್ನು ಎತ್ತಿ ನುಂಗುವುದನ್ನು ನುಂಗಿ ತನ್ನ ಅಮ್ಮನ ಬಗ್ಗೆ ಆರು ಮಾತು ಹೇಳಿದಳು. ನನಗಂತೂ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಕೇಳಿದಂತಾಯಿತು. ಆದರೆ ಯಾರೋ ಹಿಂದಿನಿಂದ, “ಏನ್ಲಾ ಅಣ್ಣಯ್ಯ, ನಿನ್ ಮಗ್ಳು ಬಾಯಲ್ಲಿ ಕೊಬ್ಬರಿ ಮಡಿಕೊಂಡವ್ಳಾ?” ಎಂದರು. ಶಾಮಿಯಾನವೆಲ್ಲ ನಕ್ಕಿತು. ಅಣ್ಣಯ್ಯನ ಮುಖ ಸಣ್ಣದಾಯಿತು.

ಮಾರನೆಯ ವಾರ ಆಶಾ ಮುಖ ಕಿವುಚಿಕೊಂಡು ತರಗತಿಗೆ ಬಂದಳು. ಏನೇ ಇದು ಎಂದು ವನಜಾಕ್ಷಿ ಕೇಳಿದರೆ, ಅಜ್ಜಿ ಸಿದ್ದಮ್ಮ ದಿನಾ ಬೆಳಗ್ಗೆ ಕಲ್ಲಿನ ಮೇಲೆ ಬಜೆ ತೇದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಉಜ್ಜುತ್ತಿದ್ದಾಳಂತೆ. ಮಾತು ತೊದಲುವ ಮಗುವಿಗೆ ನಮ್ಮ ಹಳ್ಳಿಯಲ್ಲಿ ಮಾಡುವ ಮದ್ದು ಅದು. ಮೊಮ್ಮಗಳು ನಾಲಿಗೆ ಹೊರಗೆ ಹಾಕಿ ಮಾತಾಡುವುದನ್ನು ಕಂಡ ಮುದುಕಿ, ಕೂಸಿನ ನಾಲಿಗೆ ದಪ್ಪವಾಗಿದೆ ಎಂದೇ ತೀರ್ಮಾನಿಸಿಬಿಟ್ಟಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ವನಜಾಕ್ಷಿ ನಗಲಿಲ್ಲ. “ಸಾರ್, ಮೂರು ತಿಂಗಳು ಹಿಡೀತು ಈ ಮಗೀಗೆ ಆ ಸದ್ದು ಬರಿಸಕ್ಕೆ” ಎಂದಳು.

ಎರಡು ದಿನ ಬಿಟ್ಟು ಅಣ್ಣಯ್ಯ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಶಾಲೆಗೇ ಬಂದ. ಸಿದ್ದಮ್ಮ ಹೊಸಿಲು ದಾಟುವಾಗಲೇ ಶುರುಮಾಡಿದಳು. “ಏನವ್ವ ಮಿಸ್ಸಮ್ಮ, ನಮ್ ಕೂಸಿನ ನಾಲಿಗೆ ಚೆನ್ನಾಗೇ ಇತ್ತಲ್ಲವ್ವ! ಏನ್ ಮಾಡ್ಬುಟ್ಟೆ ತಾಯಿ ನೀನು?”

“ನಾಲಿಗೆಗೇನೂ ಆಗಿಲ್ಲ ಅಜ್ಜಿ. ಆ ಸದ್ದೇ ಹಂಗೆ ಹೇಳಬೇಕು” ಎಂದು ವನಜಾಕ್ಷಿ ಮೊಬೈಲು ತೆಗೆದು ಲಂಡನ್ನಿನ ಹೆಂಗಸೊಬ್ಬಳ ಮಾತು ಕೇಳಿಸಿದಳು. ಆಮೇಲೆ ಆಶಾಳ ಕೈಲಿ ಅದೇ ಮಾತು ಹೇಳಿಸಿದಳು. ನನ್ನಂಥವನ ಕಿವಿಗೂ ಎರಡೂ ಒಂದೇ ಎಂದು ತಿಳಿಯಿತು.

ಅಣ್ಣಯ್ಯ ದಡ್ಡನಲ್ಲ. ಪೂರ್ತಿ ಕೇಳಿಸಿಕೊಂಡ. ಆಮೇಲೆ, “ಮೇಡಂ, ನೀವು ಕಲ್ಸಿದ್ದು ಸರೀನೇ ಇರ್ಬೋದು ಕಣ್ರೀ. ಆವಮ್ಮ ಲಂಡನ್ನಿನೋಳು. ನನ್ ಮಗಳು ಇಂಗ್ಲಿಷ್ ಮಾತಾಡೋದು ತಿಪಟೂರಲ್ಲಿ, ತುರುವೇಕೆರೇಲಿ. ಇಲ್ಲಿ ಎಲ್ರೂ ಹೆಂಗಂತಾರೋ ಹಂಗೆ ಕಲ್ಸಿ. ಸರಿಯಾಗಿ ಹೇಳಿ ನಗೆಪಾಟಲಾಗೋ ಬದ್ಲು ತಪ್ಪಾಗೇ ಹೇಳ್ಲಿ ಬುಡಿ, ಮರ್ಯಾದೆ ಉಳೀತದೆ” ಎಂದ. ನನ್ನ ಕಡೆ ತಿರುಗಿ, “ಮೇಷ್ಟ್ರೇ, ಜನವರಿ ಇಪ್ಪತ್ತಾರಕ್ಕೆ ಮಕ್ಳು ಕಾನ್ವೆಂಟಿನೋರಂಗೆ ಸ್ಟೇಜ್ ಮೇಲೆ ಹೇಳ್ಬೇಕು. ಇಲ್ಲಾಂದ್ರೆ ನಾವು ಹತ್ತು ಜನ ಬೇರೆ ದಾರಿ ನೋಡ್ಕೋತೀವಿ. ಬೇಜಾರು ಮಾಡ್ಕೋಬ್ಯಾಡಿ” ಎಂದ.

ಅವರು ಹೋದರು. ಅಣ್ಣಯ್ಯನ ಮಾತಿನಲ್ಲಿ ಹುಳುಕು ಹುಡುಕಿದೆ, ಸಿಗಲಿಲ್ಲ. ಅದೇ ನನ್ನ ಸಂಕಟ. ಕಡೆಗೆ ಅವಳಿಗೆ ಹೇಳಿದೆ. “ವನಜಾಕ್ಷಿ, ಒಂದು ತಿಂಗಳು ಅವರು ಕೇಳಿದಂಗೆ ಕಲಿಸ್ಬುಡಮ್ಮ. ಫಂಕ್ಷನ್ ಮುಗೀಲಿ. ಆಮೇಲೆ ಬೇಕಾದ್ರೆ ತಿದ್ದಿಕೊಳ್ಳುವಂತೆ.”

“ಆಮೇಲೆ ತಿದ್ದಕ್ಕಾಗಲ್ಲ ಸಾರ್. ನಾಲಿಗೆ ಒಂದ್ಸಲ ಕೂತ್ರೆ ಕೂತಂಗೇ. ನಂದನ್ನ ಕೀಳಕ್ಕೆ ನಂಗೆ ಹತ್ತು ವರ್ಷ ಆಯ್ತು.”

“ವಿಭಾಗ ಉಳೀಬೇಕಲ್ಲಮ್ಮ.”

“ಉಳಿಸಿ ಏನ್ ಕಲಿಸ್ಲಿ ಸಾರ್ ಅದ್ರಲ್ಲಿ?”

“ನೀನಿದ್ರೆ ಏನಾದ್ರೂ ಕಲಿಸ್ತೀಯ. ನೀನೇ ಇಲ್ದಿದ್ರೆ ಅದೂ ಇಲ್ಲ” ಎಂದೆ. ಅವಳು ಎದ್ದು ತರಗತಿಗೆ ಹೋದಳು. ಗೆದ್ದೆ ಎಂದು ನನಗನ್ನಿಸಿತು. ಥೂ, ಆ ಗೆಲುವಿಗಿಷ್ಟು ಬೆಂಕಿ ಹಾಕ.

ಮಾರನೆಯ ದಿನದಿಂದ ಅವಳ ತರಗತಿಯಿಂದ ಬೇರೆಯೇ ಸದ್ದು ಬರತೊಡಗಿತು. ಮೇಜಿನ ಮೇಲೆ ಡಸ್ಟರು ಕುಟ್ಟುತ್ತ ಒಂದೊಂದು ಅಕ್ಷರಕ್ಕೂ ಒಂದೊಂದು ಗುದ್ದು. ಬಸ್ಸು, ಪೆನ್ನು, ಬುಕ್ಕು. ಮಕ್ಕಳು ಗಂಟಲು ಬಿರಿಯುವಂತೆ ಕಿರುಚುತ್ತಿದ್ದವು. ಒಂದು ದಿನ ಆಶಾ ಎದ್ದು ನಿಂತು, “ಮಿಸ್, ಇದು ತಪ್ಪು ಅಂತ ನೀವೇ ಹೇಳಿದ್ರಲ್ಲ ಮಿಸ್?” ಎಂದು ಕೇಳಿದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ವನಜಾಕ್ಷಿ, “ಆಗ ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ ಪುಟ್ಟಿ. ಈಗ ಹೇಳ್ತಿರೋದೇ ಸರಿ” ಎಂದಳು. ಇಷ್ಟು ವರ್ಷದ ಅವಳ ಓದು ಆ ಒಂದು ಮಾತಿಗೆ ಮಣ್ಣಾಯಿತು. ಮಗುವಿನ ಎದುರು ತಾನು ತಿಳಿಯದವಳು ಎಂದು ಅವಳ ಬಾಯಲ್ಲೇ ಹೇಳಿಸಿದವನು ನಾನು. ಊರು ಇವತ್ತು ಹೇಳುತ್ತಿರುವುದೂ ಆ ಮಾತನ್ನೇ.

ಜನವರಿ ಇಪ್ಪತ್ತಾರು ಬಂತು. ಧ್ವಜ ಹಾರಿಸಿ, ಬೂಂದಿ ಹಂಚಿ, ಮಕ್ಕಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆವು. ಇಪ್ಪತ್ಮೂರೂ ಒಂದೇ ಗಂಟಲಾಗಿ ಕೂಗಿದವು. ಆಮೇಲೆ ಆಶಾ ಒಬ್ಬಳೇ ಮೈಕಿನ ಮುಂದೆ ಬಂದು ಗಣರಾಜ್ಯೋತ್ಸವದ ಭಾಷಣ ಮಾಡಿದಳು. ಸುದೀಪನಿಗಿಂತ ಜೋರು, ಸುದೀಪನಿಗಿಂತ ಬಿರುಸು. ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಿದ್ದಮ್ಮ ಎಲ್ಲರಿಗೂ ಕೇಳುವಂತೆ, “ಬಜೆ ಬಿದ್ಮೇಲೆ ನೋಡ್ರವ್ವ ಮಾತು ಹೆಂಗೆ ಬಿಡ್ತು!” ಎಂದಳು. ಅಣ್ಣಯ್ಯ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ವನಜಾಕ್ಷಿ ಮಕ್ಕಳ ಸಾಲು ಸರಿಮಾಡುತ್ತ ಆ ಕಡೆಯೇ ಮುಖ ಮಾಡಿಕೊಂಡಿದ್ದಳು. ವಿಭಾಗ ಉಳಿಯಿತು ಎಂದು ನಾನು ಮೂರು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಫೆಬ್ರವರಿಯ ಕೊನೆಯಲ್ಲಿ ಅಣ್ಣಯ್ಯ ಮತ್ತೆ ಬಂದ. ಮುಖದ ತುಂಬ ನಗು.

“ಮೇಷ್ಟ್ರೇ, ಮಗಳನ್ನ ಸುದೀಪನ ಕಾನ್ವೆಂಟಿಗೆ ಹಾಕ್ತಿದೀನಿ ಕಣ್ರೀ. ಮುಂಚೆ ಧೈರ್ಯ ಇರ್ಲಿಲ್ಲ. ಅಲ್ಲಿ ಮಗೀಗೆ ಇಂಟರ್‌ವ್ಯೂ ಮಾಡ್ತಾರಂತೆ, ಇವಳು ನಾಲಿಗೆ ಕಚ್ಕೊಂಡು ನಿಂತ್ರೆ ಏನ್ ಗತಿ ಅಂತ ಸುಮ್ನಿದ್ದೆ. ಈಗ ನೋಡಿ, ಹೆಂಗೆ ಮಾತಾಡ್ತಳೆ! ಇಷ್ಟು ಚೆನ್ನಾಗಿ ಇಂಗ್ಲಿಷ್ ಬರೋ ಮಗೂನ ಸರ್ಕಾರಿ ಸ್ಕೂಲಲ್ಲಿ ಯಾಕೆ ಮಡಗೋದು ಹೇಳಿ?”

ಅವನು ಮೋಸ ಮಾಡಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ನಮ್ಮನ್ನು ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ವನಜಾಕ್ಷಿ ಪಕ್ಕದಲ್ಲೇ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು. ಅಣ್ಣಯ್ಯ ಅವಳ ಕಡೆ ತಿರುಗಿ, “ಮೇಡಂ, ಇನ್ನೊಂದು ಉಪಕಾರ ಆಗ್ಬೇಕು. ಇಂಟರ್‌ವ್ಯೂಗೆ ಏನೇನ್ ಕೇಳ್ತಾರೋ ಅದನ್ನ ಸ್ವಲ್ಪ ಹೇಳ್ಕೊಡಿ. ನಿಮ್ಮಷ್ಟು ಚೆನ್ನಾಗಿ ಯಾರಿಗ್ ಬತ್ತದೆ?” ಎಂದ.

ಬೇಡ ಅನ್ನುತ್ತಾಳೆ ಎಂದುಕೊಂಡೆ. ಅನ್ನಲಿ ಎಂದು ಆಸೆಪಟ್ಟೆ. “ಆಯ್ತಣ್ಣ, ಕಳಿಸಿ” ಎಂದಳು. ಎಂಟು ದಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಆಶಾಳನ್ನು ಕೂರಿಸಿಕೊಂಡು ಹೆಸರೇನು, ಅಪ್ಪ ಏನು ಮಾಡುತ್ತಾರೆ, ಇಷ್ಟದ ಹಣ್ಣು ಯಾವುದು, ಎಲ್ಲವನ್ನೂ ಕಾನ್ವೆಂಟಿನವರು ಹೇಳುವ ಹಾಗೆಯೇ ಕಂಠಪಾಠ ಮಾಡಿಸಿದಳು. “ಯಾಕಮ್ಮ ಒಪ್ಕೊಂಡೆ?” ಎಂದು ಒಂದು ದಿನ ರೇಗಿದೆ. “ಮಗು ಅಲ್ಲಿ ಹೋಗಿ ಬಾಯಿಬಿಡ್ದೆ ನಿಂತ್ರೆ ನಗ್ತಾರೆ ಸಾರ್. ನಂಗೆ ಗೊತ್ತು ಅದು ಹೆಂಗಿರ್ತದೆ ಅಂತ” ಎಂದಳು. ಆಶಾಗೆ ಸೀಟು ಸಿಕ್ಕಿತು.

ಅಲ್ಲಿಂದ ಉಳಿದವರೂ ಮಕ್ಕಳನ್ನು ಬಿಡಿಸಲು ಬರತೊಡಗಿದರು. ಅವರ ಮಕ್ಕಳೂ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದವಲ್ಲ, ಅವರಿಗೂ ಧೈರ್ಯ ಬಂದಿತ್ತು. ಟೀ ಅಂಗಡಿಯಲ್ಲಿ ಬನ್ನು ಅದ್ದುವ ರುದ್ರೇಶನೂ ಮಗಳ ವರ್ಗಾವಣೆ ಪತ್ರ ಬರೆಸಲು ಬಂದಿದ್ದ. ಹದಿನಾಲ್ಕು ವರ್ಗಾವಣೆ ಪತ್ರ ಬರೆದೆ. ಶಾಲೆ ಬಿಡಲು ಕಾರಣ ಎನ್ನುವ ಕಡೆ ‘ಪೋಷಕರ ಕೋರಿಕೆ’ ಎಂದು ಹದಿನಾಲ್ಕು ಸಲ ಬರೆದೆ. ಇಂಗ್ಲಿಷ್ ವಿಭಾಗ ಮುಚ್ಚಿ ಉಳಿದ ಒಂಬತ್ತು ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿಕೊಳ್ಳಿ ಎಂದು ಮೇಲಿನಿಂದ ಕಾಗದ ಬಂತು. ಎಲ್ಲಿಯ ಲಂಡನ್ನು, ಎಲ್ಲಿಯ ನಲವತ್ತನಾಲ್ಕು ಸದ್ದು! ಕಾಗದದಲ್ಲಿ ಎರಡೇ ಸಾಲು ಇದ್ದವು.

ಏಪ್ರಿಲ್ ಹತ್ತು, ಕೊನೆಯ ದಿನ. ಮಕ್ಕಳು ಫಲಿತಾಂಶ ಕೇಳಿಕೊಂಡು ಮನೆಗೆ ಓಡಿದ್ದವು. ಅಣ್ಣಯ್ಯ ಸೀಟು ಸಿಕ್ಕ ಖುಷಿಗೆ ಒಂದು ಡಬ್ಬಿ ಮೈಸೂರು ಪಾಕು ಕಳಿಸಿದ್ದ. ವನಜಾಕ್ಷಿ ಒಂದು ತುಂಡು ತಿಂದಳು, ನನಗೊಂದು ಕೊಟ್ಟಳು. ತರಗತಿಯ ಬೀಗದ ಕೈ ನನ್ನ ಮೇಜಿನ ಮೇಲಿಟ್ಟಳು. ಕಾಗದ ಬಂದಿದ್ದು ಅವಳಿಗೆ ಗೊತ್ತಿತ್ತು, ಓದಿ ಹೇಳಿದ್ದೇ ನಾನು. ಆದರೂ ಬಾಗಿಲವರೆಗೆ ಹೋದವಳು ತಿರುಗಿ ನಿಂತು ಕೇಳಿದಳು.

“ಸಾರ್, ಜೂನ್ ತಿಂಗಳಿಗೆ ಒಂದ್ಸಲ ಬಂದು ನೋಡ್ಲಾ?”

“ಬ್ಯಾಡ ಕಣಮ್ಮ” ಎಂದೆ.